ಗೆಳೆಯರಿಗಾಗಿ ಮನೆಯಲ್ಲೇ ವೈನ್ ಟೇಸ್ಟಿಂಗ್: ಏನು, ಏಕೆ, ಹೇಗೆ

ಒಂದೇ ಒಂದು ವೈನ್ ಕುಡಿದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಅಥವಾ ‘ಹುಳಿ ಜಾಸ್ತಿ’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಅವರ ಮುಂದೆಯೇ ಎರಡು ವೈನ್ ಅಕ್ಕಪಕ್ಕ ಇಟ್ಟು ನೋಡಿ. ‘ಇದು ಅದಕ್ಕಿಂತ ತೆಳು’, ‘ಅದು ನಾಲಿಗೆ ಹಿಡಿಯುತ್ತದೆ, ಇದು ಹಿಡಿಯುವುದಿಲ್ಲ’ ಎಂದು ಮಾತು ತಾನಾಗಿಯೇ ಹೊರಡುತ್ತದೆ. ವೈನ್ ಟೇಸ್ಟಿಂಗ್ ಎಂದರೆ ಮೂಲತಃ ಇಷ್ಟೇ, ಅಕ್ಕಪಕ್ಕ ಇಟ್ಟು ಹೋಲಿಸುವುದು.

ಹೋಲಿಕೆ ಸರಿಯಾಗಬೇಕಾದರೆ ವೈನ್ ಒಂದನ್ನು ಬಿಟ್ಟು ಉಳಿದುದೆಲ್ಲ ಒಂದೇ ಥರ ಇರಬೇಕು. ಲೋಟ, ಅಳತೆ, ತಣುಪು, ಕೋಣೆಯ ವಾಸನೆ ಇವು ಒಂದೊಂದು ಸಲ ಒಂದೊಂದು ರೀತಿ ಇದ್ದರೆ ನಾಲಿಗೆಗೆ ಸಿಕ್ಕ ವ್ಯತ್ಯಾಸ ಯಾವುದರದ್ದೆಂದು ಹೇಳಲಾಗದು. ಕೂಟ ಕರೆದವರ ಕೆಲಸವೆಲ್ಲ ಈ ಲೆಕ್ಕದ ಸುತ್ತಲೇ ತಿರುಗುತ್ತದೆ.

## ಲೋಟದಲ್ಲಿ ಇರುವುದೇನು?

ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೀಗೆ ಹುದುಗಿದ ರಸವೇ ವೈನ್. ಬಹುಪಾಲು ವೈನ್‌ಗಳಲ್ಲಿ ಆಲ್ಕೋಹಾಲ್ ಶೇ. 11ರಿಂದ 15ರ ನಡುವೆ ಇರುತ್ತದೆ. ಕಪ್ಪು ದ್ರಾಕ್ಷಿಯ ತಿರುಳಿಗೂ ಸಾಮಾನ್ಯವಾಗಿ ಬಣ್ಣವಿಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆಯ ಜೊತೆಗೇ ಹುದುಗಿಸಿದರೆ ಕೆಂಪು ವೈನ್, ಸಿಪ್ಪೆ ಬೇರ್ಪಡಿಸಿ ಹುದುಗಿಸಿದರೆ ಬಿಳಿ ವೈನ್, ಕೆಲವು ಗಂಟೆ ಮಾತ್ರ ಸಿಪ್ಪೆಯೊಂದಿಗೆ ಬಿಟ್ಟರೆ ಗುಲಾಬಿ ಬಣ್ಣದ ರೋಸೆ. ಹುದುಗುವಾಗ ಹುಟ್ಟುವ ಅನಿಲವನ್ನು ಹೊರಬಿಡದೆ ಹಿಡಿದಿಟ್ಟರೆ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ತಯಾರಾಗುವ ಶಾಂಪೇನ್ ಇದರ ಒಂದು ಬಗೆ.

ಬಾಯಿಗೆ ಸಿಗುವ ಸಂಗತಿಗಳು ಐದು.

ಮೊದಲನೆಯದು ಸಿಹಿ. ಯೀಸ್ಟ್ ತಿನ್ನದೆ ಉಳಿಸಿದ ಸಕ್ಕರೆ ಇದು. ಸಕ್ಕರೆ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದರೆ ಆ ವೈನನ್ನು ‘ಡ್ರೈ’ ಎನ್ನುತ್ತಾರೆ. ಇಲ್ಲಿ ಎಡವುವವರೇ ಹೆಚ್ಚು, ಏಕೆಂದರೆ ಮಾಗಿದ ಹಣ್ಣಿನ ವಾಸನೆ ಬಂದರೆ ಮನಸ್ಸು ಅದನ್ನೇ ಸಿಹಿ ಎಂದುಕೊಳ್ಳುತ್ತದೆ. ಅನುಮಾನ ಬಂದಾಗ ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿಯಬೇಕು. ಆಗಲೂ ಸಿಹಿಯೆನಿಸಿದರೆ ಸಕ್ಕರೆ ನಿಜವಾಗಿ ಇದೆ.

ಎರಡನೆಯದು ಹುಳಿ. ದ್ರಾಕ್ಷಿಯ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳಿಂದ ಬರುತ್ತದೆ. ನುಂಗಿದ ಮೇಲೆ ಬಾಯಲ್ಲಿ ಎಷ್ಟು ನೀರೂರುತ್ತದೆ ಎಂಬುದೇ ಅದರ ಅಳತೆಗೋಲು.

ಮೂರನೆಯದು ಟ್ಯಾನಿನ್. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದವೇ ಇದೆ: ಒಗರು. ಕಾಯಿ ಬಾಳೆ ಕಚ್ಚಿದಾಗ, ಹೆಚ್ಚು ಹೊತ್ತು ನೆನೆಸಿದ ಕಪ್ಪು ಚಹಾ ಕುಡಿದಾಗ ಬಾಯಿ ಒಣಗಿ ಹಿಡಿದುಕೊಳ್ಳುತ್ತದಲ್ಲ, ಅದೇ ಅನುಭವ. ಸಿಪ್ಪೆ, ಬೀಜ ಮತ್ತು ಓಕ್ ಮರದ ಪೀಪಾಯಿಯಿಂದ ಬರುವ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ಜಾರುತನ ಹೋಗುತ್ತದೆ. ಕಹಿ ನಾಲಿಗೆಯ ರುಚಿ, ಒಗರು ಬಾಯಿಗೆ ಆಗುವ ಸ್ಪರ್ಶ. ಎರಡನ್ನೂ ಬೇರೆ ಬೇರೆ ಗುರುತಿಸಲು ಬಂದರೆ ಕೆಂಪು ವೈನ್ ಅರ್ಧ ಅರ್ಥವಾದಂತೆ.

ನಾಲ್ಕನೆಯದು ಆಲ್ಕೋಹಾಲ್, ನುಂಗಿದಾಗ ಗಂಟಲಲ್ಲಿ ಬಿಸಿಯಾಗಿ ತಿಳಿಯುತ್ತದೆ. ಐದನೆಯದಕ್ಕೆ ಇಂಗ್ಲಿಷಿನವರು ‘ಬಾಡಿ’ ಎನ್ನುತ್ತಾರೆ, ಎಂದರೆ ಬಾಯಲ್ಲಿ ವೈನಿನ ತೂಕ. ಕೆನೆ ತೆಗೆದ ಹಾಲಿಗೂ ಗಟ್ಟಿ ಹಾಲಿಗೂ ಇರುವ ಅಂತರ ಅದು.

ಉಳಿದದ್ದೆಲ್ಲ ಮೂಗಿನ ಕೆಲಸ. ಬಾಯಲ್ಲಿರುವ ವೈನಿನ ಆವಿ ಗಂಟಲ ಹಿಂಭಾಗದಿಂದ ಮೂಗಿಗೆ ಏರುತ್ತದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಈ ದಾರಿ ಮುಚ್ಚಿಹೋಗುವುದರಿಂದ. ಯಾರಾದರೂ ‘ಕಾಳುಮೆಣಸಿನ ವಾಸನೆ’ ಎಂದರೆ ವೈನಿಗೆ ಮೆಣಸು ಹಾಕಿದ್ದಾರೆಂದಲ್ಲ. ಶಿರಾಜ್ ದ್ರಾಕ್ಷಿಯಲ್ಲಿರುವ ರೊಟಂಡೋನ್ ಎಂಬ ವಸ್ತು ಕಾಳುಮೆಣಸಿನಲ್ಲೂ ಇದೆ. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಸೋವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿಗಳಲ್ಲಿ ದಪ್ಪ ಮೆಣಸಿನಕಾಯಿಯ ವಾಸನೆ ತರುವ ಪೈರಜೀನ್‌ಗಳಿವೆ. ವೆನಿಲಾ ಓಕ್ ಪೀಪಾಯಿಯಿಂದ ಬರುತ್ತದೆ. ಚೂಪಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುವಾಗ ಬೆಣ್ಣೆಯ ವಾಸನೆ ಹುಟ್ಟುತ್ತದೆ.

## ಎಷ್ಟು ಜನ, ಎಷ್ಟು ಬಾಟಲಿ?

ಸಾಮಾನ್ಯ ಬಾಟಲಿ 750 ಮಿ.ಲೀ. ರುಚಿ ನೋಡಲು ಒಬ್ಬರಿಗೆ 50 ಮಿ.ಲೀ. ಸಾಕು. ಲೆಕ್ಕಕ್ಕೆ 15 ಪಾಲು ಬರಬೇಕು. ಚೆಲ್ಲಿದ್ದು, ಮೊದಲೇ ಪರೀಕ್ಷಿಸಲು ತೆಗೆದದ್ದು ಕಳೆದರೆ 12 ಜನರವರೆಗೆ ಪ್ರತಿ ವೈನಿಗೆ ಒಂದೇ ಬಾಟಲಿ ಸಾಲುತ್ತದೆ. ಆದರೆ ಮಾತು ಒಂದೇ ಆಗಿ ಹರಿಯಲು 6ರಿಂದ 8 ಜನ ಹದ. 10 ದಾಟಿದರೆ ಮೇಜಿನ ಎರಡು ತುದಿಯಲ್ಲಿ ಎರಡು ಕೂಟ ಆಗುತ್ತವೆ. 50 ಮಿ.ಲೀ. ಎಷ್ಟೆಂದು ಕಣ್ಣಳತೆಯಲ್ಲಿ ಬಿಡಬೇಡಿ. ಮೊದಲೇ ಒಂದು ಲೋಟಕ್ಕೆ ಅಷ್ಟು ನೀರು ಅಳೆದು ಸುರಿದು, ಅದು ಎಲ್ಲಿಯವರೆಗೆ ಬರುತ್ತದೆಂದು ನೋಡಿಟ್ಟುಕೊಳ್ಳಿ. ಅಭ್ಯಾಸವಿಲ್ಲದ ಕೈ ಸಾಮಾನ್ಯವಾಗಿ ಇದರ ದುಪ್ಪಟ್ಟು ಸುರಿಯುತ್ತದೆ.

ವೈನ್ 5 ಬಗೆ ಇರಲಿ, ಬಹಳವೆಂದರೆ 6. ಅದಕ್ಕಿಂತ ಹೆಚ್ಚಾದರೆ ಮೂಗು ಸೋಲುತ್ತದೆ, ಕೊನೆಯ ವೈನ್‌ಗಳಿಗೆ ಅನ್ಯಾಯವಾಗುತ್ತದೆ. ಇನ್ನೊಂದು ಲೆಕ್ಕವೂ ಇದೆ. 5 ಬಗೆಯನ್ನೂ ಪೂರ್ತಿ ಕುಡಿದರೆ ಒಬ್ಬರ ಹೊಟ್ಟೆಗೆ 250 ಮಿ.ಲೀ., ಎಂದರೆ ಬಾಟಲಿಯ ಮೂರನೇ ಒಂದು ಭಾಗ ಸೇರಿತು. ಶೇ. 13ರ ವೈನಾದರೆ ಅದರಲ್ಲಿ ಸುಮಾರು 25 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ.

8 ಜನಕ್ಕೆ 5 ವೈನ್ ಎಂದರೆ 40 ಲೋಟ ಬೇಕಲ್ಲ ಎಂದು ಗಾಬರಿಯಾಗಬೇಕಿಲ್ಲ. ತಲೆಗೆ ಎರಡು ಲೋಟ ಸಾಕು. ಹೋಲಿಕೆ ಯಾವಾಗಲೂ ಎರಡರ ನಡುವೆಯೇ: ಹಿಂದಿನದು ಒಂದರಲ್ಲಿ, ಈಗಿನದು ಇನ್ನೊಂದರಲ್ಲಿ. ಲೋಟ ಖಾಲಿ ಮಾಡಿದ ಮೇಲೆ ನೀರಿನಿಂದ ತೊಳೆದರೆ ಅಂಟಿದ ಹನಿಗಳು ಮುಂದಿನ ವೈನನ್ನು ತೆಳುಮಾಡುತ್ತವೆ. ಮುಂದಿನ ವೈನನ್ನೇ ಒಂದು ಚಮಚೆಯಷ್ಟು ಹಾಕಿ ಆಡಿಸಿ ಚೆಲ್ಲಿದರೆ ಆಯಿತು.

## ಯಾವುದರ ಪಕ್ಕ ಯಾವುದು?

ಬಾಟಲಿಗಳನ್ನು ಕೂಡಿಸುವುದಕ್ಕೆ ಒಂದು ಸೂತ್ರ ಬೇಕು. ಒಂದೇ ದ್ರಾಕ್ಷಿ, ಬೇರೆ ಬೇರೆ ಪ್ರದೇಶ ಎಂಬುದು ಒಂದು ದಾರಿ. ಒಂದೇ ವರ್ಷದ ಒಂದೇ ಬಗೆಯ ವೈನನ್ನು ಬೇರೆ ಬೇರೆ ತಯಾರಕರಿಂದ ತಂದರೆ ಅದನ್ನು ‘ಹಾರಿಜಾಂಟಲ್’ ಎನ್ನುತ್ತಾರೆ. ಒಬ್ಬರೇ ತಯಾರಕರ ಒಂದೇ ವೈನ್, ಬೇರೆ ಬೇರೆ ವರ್ಷಗಳದ್ದಾದರೆ ‘ವರ್ಟಿಕಲ್’. ಇವೆರಡೂ ಸೂಕ್ಷ್ಮ ವ್ಯತ್ಯಾಸಗಳ ಆಟ, ಹೊಸಬರಿಗೆ ಎಲ್ಲ ಲೋಟವೂ ಒಂದೇ ಥರ ಕಾಣುತ್ತದೆ.

ಮೊದಲ ಸಲಕ್ಕೆ ದೊಡ್ಡ ವ್ಯತ್ಯಾಸಗಳೇ ಬೇಕು. ಹೀಗೆ ಜೋಡಿಸಬಹುದು: ಮೊದಲು ಎರಡು ಬಿಳಿ, ಓಕ್ ಕಾಣದ ಸೋವಿನ್ಯೋನ್ ಬ್ಲಾಂಕ್, ಅದರ ಪಕ್ಕ ಓಕ್ ಪೀಪಾಯಿಯಲ್ಲಿಟ್ಟ ಶಾರ್ಡನೇ. ಹುಳಿ ಎಂದರೇನು, ಮರದ ವಾಸನೆ ಎಂದರೇನು, ಬಾಯಲ್ಲಿ ತೂಕ ಎಂದರೇನು ಎಂಬುದು ಈ ಜೋಡಿಯಲ್ಲೇ ತಿಳಿಯುತ್ತದೆ. ಆಮೇಲೆ ಎರಡು ಕೆಂಪು: ತೆಳು ಸಿಪ್ಪೆಯ ಪಿನೋ ನ್ವಾರ್, ಪಕ್ಕದಲ್ಲಿ ದಪ್ಪ ಸಿಪ್ಪೆಯ ಕ್ಯಾಬರ್ನೆ ಸೋವಿನ್ಯೋನ್. ಒಗರಿನ ಪಾಠ ಇಲ್ಲಿ. ಕೊನೆಗೆ ಒಂದು ಸಿಹಿ ವೈನ್. ಬಾಟಲಿ ತರುವ ಹೊಣೆಯನ್ನು ಗೆಳೆಯರಿಗೆ ಹಂಚುವುದಾದರೆ ‘ನಿನಗಿಷ್ಟವಾದ್ದು ತಾ’ ಎನ್ನಬಾರದು, ಮೂರು ಜನ ಒಂದೇ ಬಗೆಯದು ಹಿಡಿದು ಬರುತ್ತಾರೆ. ಯಾರು ಯಾವ ದ್ರಾಕ್ಷಿಯದು ತರಬೇಕೆಂದು ಹೆಸರು ಹಿಡಿದು ಹೇಳುವುದೇ ಸರಿ.

## ತಣುಪು: ಹೆಚ್ಚಿನವರು ತಪ್ಪುವ ಜಾಗ

ತಣ್ಣಗಾದಷ್ಟೂ ವಾಸನೆ ಏಳುವುದು ಕಡಿಮೆ. ಹುಳಿ, ಒಗರು ಚೂಪಾಗುತ್ತವೆ. ಬೆಚ್ಚಗಾದರೆ ಆಲ್ಕೋಹಾಲಿನ ಘಾಟು ಮುಂದೆ ಬಂದು ವೈನ್ ಸಡಿಲವೆನಿಸುತ್ತದೆ. ಹಾಗಾಗಿ ಫ್ರಿಜ್ಜಿನಿಂದ ಆಗತಾನೇ ತೆಗೆದ ಬಿಳಿ ವೈನೂ ಬೆಚ್ಚನೆಯ ಕೋಣೆಯಲ್ಲಿ ಇಡೀ ದಿನ ನಿಂತ ಕೆಂಪು ವೈನೂ ತಮ್ಮ ನಿಜ ರುಚಿ ತೋರಿಸುವುದಿಲ್ಲ.

ಸ್ಪಾರ್ಕ್ಲಿಂಗ್ ಮತ್ತು ಸಿಹಿ ವೈನ್‌ಗಳಿಗೆ 6ರಿಂದ 8 ಡಿಗ್ರಿ ಸೆಲ್ಸಿಯಸ್, ಹಗುರ ಬಿಳಿ ಮತ್ತು ರೋಸೆಗೆ 8ರಿಂದ 10, ಓಕ್ ಕಂಡ ಬಿಳಿಗೆ 10ರಿಂದ 13, ಹಗುರ ಕೆಂಪಿಗೆ 12ರಿಂದ 14, ಗಟ್ಟಿ ಕೆಂಪಿಗೆ 15ರಿಂದ 18 ಡಿಗ್ರಿ ಹದ. ‘ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕು’ ಎಂಬ ಹಳೆಯ ಮಾತು ತಣ್ಣನೆಯ ಕಲ್ಲಿನ ಮನೆಗಳನ್ನು ಕುರಿತದ್ದು, 28 ಡಿಗ್ರಿಯ ಕೋಣೆಗಲ್ಲ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಬಿಳಿ ವೈನನ್ನು 3 ಗಂಟೆ ಫ್ರಿಜ್ಜಿನಲ್ಲಿಟ್ಟು, ಸುರಿಯುವ 15 ನಿಮಿಷ ಮುಂಚೆ ಹೊರಗಿಡಿ. ಕೋಣೆಯಲ್ಲಿದ್ದ ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್ಜಿಗೆ ಹಾಕಿ. ಸಮಯವಿಲ್ಲವಾದರೆ ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ. ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿದು ನಿಧಾನವಾಗುತ್ತದೆ, ನೀರು ಸೇರಿದರೆ ಬಾಟಲಿಯ ಎಲ್ಲ ಕಡೆಗೂ ತಣುಪು ತಾಗುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಹಿಗ್ಗಿ ಬಿರಡೆ ಹೊರಬರುತ್ತದೆ, ಇಲ್ಲವೇ ಗಾಜು ಸೀಳುತ್ತದೆ.

## ಲೋಟ ಮತ್ತು ಕೋಣೆ

ಹೊಟ್ಟೆ ಅಗಲ, ಬಾಯಿ ಕಿರಿದಾದ ಕಾಲುಳ್ಳ ಲೋಟ ಬೇಕು. ಏಳುವ ವಾಸನೆ ಒಳಗೇ ನಿಲ್ಲುತ್ತದೆ, ಆಡಿಸಿದರೆ ಚೆಲ್ಲುವುದಿಲ್ಲ, ಕಾಲನ್ನು ಹಿಡಿದರೆ ಅಂಗೈಯ ಬಿಸಿ ತಾಗುವುದಿಲ್ಲ. 1977ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್ಒ ಗೊತ್ತುಮಾಡಿದ ಟೇಸ್ಟಿಂಗ್ ಲೋಟ ಸುಮಾರು 215 ಮಿ.ಲೀ. ಹಿಡಿಯುತ್ತದೆ. ಅದೇ ಆಗಬೇಕೆಂದಿಲ್ಲ, ಎಲ್ಲರ ಲೋಟವೂ ಒಂದೇ ಆಕಾರದ್ದಾಗಿದ್ದರೆ ಸಾಕು. ಖಾಲಿ ಲೋಟವನ್ನು ಮೂಸಿ ನೋಡುವುದನ್ನು ಮರೆಯಬಾರದು. ಸೋಪಿನ, ಒರೆಸಿದ ಬಟ್ಟೆಯ, ರಟ್ಟಿನ ಪೆಟ್ಟಿಗೆಯ ವಾಸನೆ ಇದ್ದರೆ ಬರೀ ಬಿಸಿ ನೀರಿನಲ್ಲಿ ಮತ್ತೆ ತೊಳೆದು ಗಾಳಿಗೆ ಒಣಗಿಸಿ.

ಊದುಬತ್ತಿ, ಸುವಾಸನೆಯ ಮೇಣದಬತ್ತಿ, ಒಗ್ಗರಣೆ, ಘಮಘಮಿಸುವ ಹೂಗಳು ಆ ಹೊತ್ತಿಗೆ ಬೇಡ. ಸೆಂಟು ಹಾಕಿಕೊಂಡು ಬರಬೇಡಿ ಎಂದು ಗೆಳೆಯರಿಗೆ ಮೊದಲೇ ಹೇಳಬೇಕು, ಬಾಗಿಲಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಪ್ರತಿಯೊಬ್ಬರ ಮುಂದೆ ಒಂದು ಬಿಳಿ ಹಾಳೆ, ಪೆನ್ಸಿಲ್, ಕುಡಿಯುವ ನೀರು, ಏನೂ ಸವರದ ಬ್ರೆಡ್ಡಿನ ತುಂಡು. ಇವಿಷ್ಟು ಸಾಕು.

## ಬಿರಡೆ ತೆಗೆಯುವುದು

ಕಾರ್ಕ್‌ಸ್ಕ್ರೂವಿನ ತಿರುಪನ್ನು ಬಿರಡೆಯ ನಟ್ಟನಡುವೆ ನೇರವಾಗಿ ಇಳಿಸಿ, ಒಂದು ಸುತ್ತು ಹೊರಗೆ ಕಾಣುವಾಗ ನಿಲ್ಲಿಸಬೇಕು. ಅರ್ಧಕ್ಕೇ ಎಳೆದರೆ ಬಿರಡೆ ಮುರಿಯುತ್ತದೆ. ಮುರಿದರೆ ತಿರುಪನ್ನು ಸ್ವಲ್ಪ ಓರೆಯಾಗಿ ಇಳಿಸಿ ಉಳಿದ ತುಂಡನ್ನು ಎತ್ತಬಹುದು; ಚೂರು ಒಳಗೆ ಬಿದ್ದರೆ ವಾಸನೆಯಿಲ್ಲದ ಚಹಾ ಸೋಸುವ ಜಾಲರಿಯಲ್ಲಿ ಸೋಸಿದರಾಯಿತು. ತಿರುಗಿಸಿ ತೆಗೆಯುವ ಲೋಹದ ಮುಚ್ಚಳವಿದ್ದರೆ ವೈನ್ ಕೀಳು ಎಂಬುದು ಬರೀ ನಂಬಿಕೆ.

ಸ್ಪಾರ್ಕ್ಲಿಂಗ್ ಬಾಟಲಿಯ ವಿಷಯ ಬೇರೆ. ಶಾಂಪೇನಿನಂಥ ಬಾಟಲಿಯೊಳಗೆ 5–6 ವಾತಾವರಣದಷ್ಟು ಒತ್ತಡವಿರುತ್ತದೆ, ಕಾರಿನ ಟೈರಿನದರ ಎರಡು ಪಟ್ಟಿಗೂ ಹೆಚ್ಚು. ಬಾಟಲಿ ಚೆನ್ನಾಗಿ ತಣ್ಣಗಿರಬೇಕು, ಅಲುಗಾಡಿರಬಾರದು. ತಂತಿ ಸಡಿಲಿಸಿದ ಕ್ಷಣದಿಂದ ಹೆಬ್ಬೆರಳು ಬಿರಡೆಯ ಮೇಲಿಂದ ಕದಲಬಾರದು. ಬಾಟಲಿಯನ್ನು 45 ಡಿಗ್ರಿ ಓರೆ ಹಿಡಿದು, ಯಾರ ಮುಖದ ಕಡೆಗೂ ತಿರುಗಿಸದೆ, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನೇ ತಿರುಗಿಸಿ. ‘ಟಪ್’ ಎನ್ನದೆ ಮೆಲ್ಲಗೆ ಉಸಿರು ಬಿಟ್ಟಂತೆ ಬಂದರೆ ಕೆಲಸ ಸರಿಯಾಯಿತು.

ಎಳೆಯ, ಒಗರು ಹೆಚ್ಚಿರುವ ಕೆಂಪು ವೈನನ್ನು ಅರ್ಧದಿಂದ ಒಂದು ಗಂಟೆ ಮೊದಲು ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದರೆ ಗಾಳಿ ತಾಗಿ ವಾಸನೆ ಬಿಚ್ಚಿಕೊಳ್ಳುತ್ತದೆ. ಬಾಟಲಿಯ ಬಿರಡೆ ಮಾತ್ರ ತೆಗೆದಿಟ್ಟರೆ ಸಾಲದು, ಅಷ್ಟು ಕಿರಿದಾದ ಕುತ್ತಿಗೆಯಿಂದ ಎಷ್ಟು ಗಾಳಿ ಹೋದೀತು? ಗಸಿ ಇರುವ ಹಳೆಯ ವೈನಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟು, ಬಡಿಸುವ ಹೊತ್ತಿಗೆ ನಿಧಾನವಾಗಿ ಬಗ್ಗಿಸಬೇಕು.

## ಕೆಟ್ಟ ಬಾಟಲಿಯನ್ನು ಗುರುತಿಸುವುದು

ಗೆಳೆಯರು ಬರುವ ಒಂದು ಗಂಟೆ ಮುಂಚೆ ಎಲ್ಲ ಬಾಟಲಿಗಳನ್ನೂ (ಸ್ಪಾರ್ಕ್ಲಿಂಗ್ ಬಿಟ್ಟು) ತೆರೆದು ಒಂದೊಂದು ಗುಟುಕು ಮೂಸಿ, ರುಚಿ ನೋಡಿ, ಮತ್ತೆ ಮುಚ್ಚಿಡಬೇಕು. ಒಂದು ಬಾಟಲಿ ಕೆಟ್ಟಿದ್ದರೆ ಹೊಸಬರು ‘ಈ ದ್ರಾಕ್ಷಿಯೇ ಹೀಗಿರಬೇಕು’ ಎಂದುಕೊಂಡು ಸುಮ್ಮನಾಗುತ್ತಾರೆ. ಒಂದು ಹೆಚ್ಚುವರಿ ಬಾಟಲಿ ಕೈಯಲ್ಲಿರಲಿ.

ಒದ್ದೆ ರಟ್ಟು, ಮುಗ್ಗಲು ಹಿಡಿದ ನೆಲಮಾಳಿಗೆಯ ವಾಸನೆ ಬಂದರೆ ಬಿರಡೆಯ ದೋಷ. ಟಿಸಿಎ ಎಂದು ಕರೆಯುವ ಟ್ರೈಕ್ಲೋರೋಅನಿಸೋಲ್ ಇದರ ಕಾರಣ. ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಸಿಗುತ್ತದೆ. ದೇಹಕ್ಕೆ ಹಾನಿಯಿಲ್ಲ, ಆದರೆ ಗಾಳಿಗೆ ಬಿಟ್ಟರೂ ಹೋಗುವುದಿಲ್ಲ. ಸ್ವಲ್ಪವೇ ಇದ್ದಾಗ ಇನ್ನೂ ಮೋಸ: ಮುಗ್ಗಲು ಕಾಣದು, ಹಣ್ಣಿನ ವಾಸನೆ ಮಾತ್ರ ಸತ್ತಿರುತ್ತದೆ.

ಕೊಳೆತ ಮೊಟ್ಟೆ ಅಥವಾ ಆಗತಾನೇ ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೆ ಎಸೆಯಬೇಡಿ. ಗಾಳಿ ಸಾಲದೆ ಗಂಧಕದ ಸಂಯುಕ್ತಗಳು ಸೇರಿಕೊಂಡಿವೆ. ಜಗ್ಗಿಗೆ ಸುರಿದು ಅಲುಗಾಡಿಸಿದರೆ ಎಷ್ಟೋ ಸಲ ಹೋಗುತ್ತದೆ. ಅದಕ್ಕೆ ವಿರುದ್ಧವಾದದ್ದು ಗಾಳಿ ಹೆಚ್ಚಾದ ದೋಷ: ಎಳೆಯ ಬಿಳಿ ವೈನ್ ಕಂದು ತಿರುಗಿ, ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ ಕೊಡುತ್ತದೆ. ವಿನೆಗರ್ ಅಥವಾ ಉಗುರುಬಣ್ಣ ತೆಗೆಯುವ ದ್ರಾವಣದ ಘಾಟಿದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದೆ. ಇವೆರಡೂ ಸರಿಹೋಗುವುದಿಲ್ಲ. ಬಿರಡೆ ಉಬ್ಬಿ ಹೊರಗೆ ಬಂದಿದ್ದರೆ ಬಾಟಲಿ ಎಲ್ಲೋ ಬಿಸಿಯಲ್ಲಿ ಬೆಂದಿದೆ ಎಂಬ ಸಂಶಯವಿರಲಿ.

ತಳದಲ್ಲಿ ಗಾಜಿನ ಚೂರಿನಂತೆ ಹೊಳೆಯುವ ಹರಳು ಕಂಡರೆ ಹೆದರಬೇಕಿಲ್ಲ. ತಣುಪಿಗೆ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ ಅದು.

## ಕಣ್ಣು, ಮೂಗು, ಬಾಯಿ

ಸುರಿಯುವ ಕ್ರಮಕ್ಕೆ ಕಾರಣವಿದೆ: ಸ್ಪಾರ್ಕ್ಲಿಂಗ್ ಮೊದಲು, ಬಿಳಿಯಾದ ಮೇಲೆ ಕೆಂಪು, ಹಗುರವಾದ ಮೇಲೆ ಗಟ್ಟಿ, ಡ್ರೈ ಆದ ಮೇಲೆ ಸಿಹಿ. ಸಿಹಿ ವೈನ್ ಮೊದಲು ಬಂದರೆ ಆಮೇಲಿನ ಡ್ರೈ ವೈನ್ ಬರೀ ಹುಳಿಯಾಗಿ ಕಾಣುತ್ತದೆ. ಒಗರು ಮೊದಲು ಬಂದರೆ ಹಗುರ ವೈನ್ ನೀರಿನಂತಾಗುತ್ತದೆ.

ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚನ್ನು ನೋಡಿ. ವಯಸ್ಸಾದಂತೆ ಬಿಳಿ ವೈನ್ ಗಾಢವಾಗುತ್ತದೆ, ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಗಾಜಿನ ಒಳಮೈಯಲ್ಲಿ ಇಳಿಯುವ ಹನಿಸಾಲುಗಳನ್ನು ಗುಣಮಟ್ಟದ ಗುರುತೆಂದು ತೋರಿಸುವವರಿದ್ದಾರೆ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗಿ ಮೇಲ್ಮೈ ಎಳೆತ ಬದಲಾಗುವುದರಿಂದ ಅವು ಮೂಡುತ್ತವೆ, ಅಷ್ಟೇ.

ಮೊದಲು ಆಡಿಸದೆ ಮೂಸಿ, ಆಮೇಲೆ ಲೋಟವನ್ನು ಮೇಜಿನ ಮೇಲೇ ಇಟ್ಟು ಸುತ್ತಿಸಿ ಮತ್ತೆ ಮೂಸಿ. ದೀರ್ಘವಾಗಿ ಎಳೆಯುವುದಕ್ಕಿಂತ ಎರಡು ಮೂರು ಚಿಕ್ಕ ಉಸಿರು ಮೇಲು. ಒಂದೇ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ, ಆಗ ನೀರಿನ ಲೋಟವನ್ನೋ ನಿಮ್ಮ ತೋಳನ್ನೋ ಮೂಸಿ ಮರಳಿ ಬನ್ನಿ. ಬಾಯಿಗೆ ಎರಡು ಮೂರು ಚಮಚೆಯಷ್ಟು ತೆಗೆದುಕೊಂಡು, ಎಲ್ಲ ಕಡೆ ಆಡಿಸಿ, ತುಟಿ ಸಣ್ಣದು ಮಾಡಿ ಸ್ವಲ್ಪ ಗಾಳಿ ಎಳೆದು ಉಗುಳಿ. ರುಚಿ ಎಷ್ಟು ಸೆಕೆಂಡು ಉಳಿಯುತ್ತದೆ ಎಂದು ಎಣಿಸಿ. ಸಂಜೆಯ ಮೊದಲ ಗುಟುಕನ್ನು ನಂಬಬೇಡಿ. ಬಾಯಿ ಇನ್ನೂ ಹುಳಿಗೆ ಹೊಂದಿಕೊಂಡಿರುವುದಿಲ್ಲ.

ಇಲ್ಲಿ ಒಂದು ನಿಯಮವನ್ನು ಸಡಿಲಿಸದಿರುವುದು ಒಳ್ಳೆಯದು: ಎರಡು ನಿಮಿಷ ಯಾರೂ ಮಾತಾಡದೆ ಬರೆದುಕೊಳ್ಳಬೇಕು. ಒಬ್ಬರು ‘ಚೆರ್ರಿ’ ಎಂದರೆ ಉಳಿದವರ ಮೂಗಿಗೂ ಚೆರ್ರಿಯೇ ಬರುತ್ತದೆ. ಪದ ಸಿಗದಿದ್ದರೆ ದೊಡ್ಡದರಿಂದ ಸಣ್ಣದಕ್ಕೆ ಹೋಗಿ: ಹಣ್ಣೋ, ಹೂವೋ, ಮಸಾಲೆಯೋ, ಮಣ್ಣೋ? ಹಣ್ಣಾದರೆ ಹುಳಿ ಹಣ್ಣೋ, ಮಾಗಿದ್ದೋ, ಒಣಗಿದ್ದೋ? 1984ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದ ಆ್ಯನ್ ನೋಬಲ್ ಪ್ರಕಟಿಸಿದ ‘ಅರೋಮಾ ವೀಲ್’ ಎಂಬ ವಾಸನೆಗಳ ಚಕ್ರ ಇದೇ ದಾರಿಯದು. ತಿಂದೇ ನೋಡಿರದ ಹಣ್ಣಿನ ಹೆಸರನ್ನು ಎರವಲು ತರುವುದಕ್ಕಿಂತ ತನ್ನ ಅಡುಗೆಮನೆಯಲ್ಲಿ ಮೂಸಿದ ವಾಸನೆಯ ಹೆಸರು ಹೇಳುವುದೇ ಲೇಸು.

## ಲೇಬಲ್ ಮುಚ್ಚಿದರೆ ಏನಾಗುತ್ತದೆ?

2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಬಣ್ಣವೇ ಹೀಗೆ ಮೂಗನ್ನು ದಾರಿ ತಪ್ಪಿಸಿದರೆ ಹೆಸರು ಮತ್ತು ಬೆಲೆ ಏನು ಮಾಡಲಾರವು? 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದ ಕೂಟದಲ್ಲಿ ಲೇಬಲ್ ಕಾಣದೆ ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ಬಿಳಿ, ಕೆಂಪು ಎರಡರಲ್ಲೂ ಮೊದಲ ಸ್ಥಾನ ಕೊಟ್ಟದ್ದು ಕ್ಯಾಲಿಫೋರ್ನಿಯಾದ ವೈನ್‌ಗಳಿಗೆ.

ಮನೆಯಲ್ಲಿ ಇದನ್ನು ಮಾಡಲು ಕಾಗದದ ಚೀಲಗಳು ಸಾಕು. ಬಾಟಲಿಯ ಕುತ್ತಿಗೆಗೆ ಸುತ್ತಿದ ಹಾಳೆಯನ್ನು ಪೂರ್ತಿ ಕಿತ್ತು, ಚೀಲವನ್ನು ಕುತ್ತಿಗೆಯವರೆಗೆ ಕಟ್ಟಿ. ಚೀಲ ತೊಡಿಸುವವರು ಒಬ್ಬರು, ಸಂಖ್ಯೆ ಬರೆಯುವವರು ಇನ್ನೊಬ್ಬರಾದರೆ ಕರೆದವರೂ ಆಟಕ್ಕೆ ಸೇರಬಹುದು. ಆಗ ಬಿಳಿ ಬಾಟಲಿಗಳಿಗೆ ಒಂದು ಗುಂಪಿನ ಸಂಖ್ಯೆ, ಕೆಂಪಿಗೆ ಇನ್ನೊಂದು, ಸಿಹಿಯದಕ್ಕೆ ಕೊನೆಯದು ಇರಲಿ, ಇಲ್ಲವಾದರೆ ಕ್ರಮ ತಪ್ಪುತ್ತದೆ. ಚೀಲ ಬಿಚ್ಚುವುದು ಎಲ್ಲರೂ ಅಂಕ ಕೊಟ್ಟ ಮೇಲೆಯೇ.

## ಉಗುಳುವ ಪಾತ್ರೆ, ಊಟ, ಉಳಿದದ್ದು

ಉಗುಳುವುದು ಅಸಭ್ಯವೆಂದು ಹಿಂಜರಿಯುವವರೇ ಹೆಚ್ಚು. ಎಲ್ಲರಿಗೂ ಒಂದೇ ಬಕೆಟ್ ಇಡುವ ಬದಲು ತಲೆಗೊಂದು ಒಳಗಿನದು ಕಾಣದ ಕಾಗದದ ಲೋಟ ಕೊಟ್ಟು, ಕರೆದವರೇ ಮೊದಲು ಉಗುಳಿದರೆ ಮುಜುಗರ ಹೋಗುತ್ತದೆ. ಉಗುಳಿದರೂ ಒಂದಿಷ್ಟು ಆಲ್ಕೋಹಾಲ್ ದೇಹಕ್ಕೆ ಸೇರುತ್ತದೆ. ಆದ್ದರಿಂದ ಗಾಡಿ ಓಡಿಸಬೇಕಾದವರು, ಗರ್ಭಿಣಿಯರು, ಆಲ್ಕೋಹಾಲ್ ಕೂಡದ ಔಷಧಿ ತೆಗೆದುಕೊಳ್ಳುವವರು ಮೂಸುವುದಷ್ಟಕ್ಕೇ ನಿಲ್ಲಿಸಬೇಕು, ಬಾಯಿಗೆ ಹಾಕಬಾರದು. ಚೀಲದ ಸಂಖ್ಯೆ, ಸುರಿಯುವ ಅಳತೆ, ಅಂಕಗಳ ಲೆಕ್ಕ ಇಂಥವರ ಕೈಗೆ ಕೊಟ್ಟರೆ ಕೂಟವೂ ಹದ ತಪ್ಪುವುದಿಲ್ಲ. ಕುಡಿಯಲು ಕಾನೂನು ಹೇಳುವ ವಯಸ್ಸು ಆಗದವರಿಗೆ ಲೋಟ ಬೇಡ.

ಹೊಟ್ಟೆ ಖಾಲಿ ಇರಬಾರದು, ಆದರೆ ಖಾರದ ತಿಂಡಿ ಮೊದಲೇ ಬಂದರೆ ನಾಲಿಗೆ ಆ ಸಂಜೆಗೆ ಮುಗಿಯಿತು. ಅಂಕ ಕೊಟ್ಟಾದ ಮೇಲೆ ಒಂದು ಚಿಕ್ಕ ಆಟ ಆಡಬಹುದು. ತಟ್ಟೆಯಲ್ಲಿ ಚಿಟಿಕೆ ಉಪ್ಪು, ನಿಂಬೆ ಹೋಳು, ಸಕ್ಕರೆ, ಚೀಸಿನ ತುಂಡು ಇಟ್ಟು, ಒಂದೊಂದನ್ನು ನಾಲಿಗೆಗೆ ತಾಗಿಸಿ ಕೂಡಲೇ ಕೆಂಪು ವೈನ್ ಗುಟುಕರಿಸಿ. ಸಕ್ಕರೆಯ ನಂತರ ವೈನ್ ಹೆಚ್ಚು ಹುಳಿ, ಹೆಚ್ಚು ಕಹಿ. ನಿಂಬೆಯ ನಂತರ ಅದೇ ವೈನಿನ ಹುಳಿ ಇಳಿಯುತ್ತದೆ. ಉಪ್ಪು ಕಹಿಯನ್ನು ಮರೆಸುತ್ತದೆ, ಚೀಸ್ ಒಗರನ್ನು ಮೆತ್ತಗೆ ಮಾಡುತ್ತದೆ. ಯಾವ ಊಟಕ್ಕೆ ಯಾವ ವೈನ್ ಎಂಬ ಪ್ರಶ್ನೆಗೆ ಉತ್ತರದ ಬಹುಭಾಗ ಈ ತಟ್ಟೆಯಲ್ಲೇ ಇದೆ.

ಮಿಕ್ಕ ವೈನನ್ನು, ಕೆಂಪಾಗಲಿ ಬಿಳಿಯಾಗಲಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದರೆ 3ರಿಂದ 5 ದಿನ ಇರುತ್ತದೆ. ಅರ್ಧ ಬಾಟಲಿಗಿಂತ ಕಡಿಮೆ ಉಳಿದಿದ್ದರೆ ಚಿಕ್ಕ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿಡಿ, ಒಳಗೆ ಉಳಿಯುವ ಗಾಳಿ ಅಷ್ಟೂ ಕಡಿಮೆ. ಸ್ಪಾರ್ಕ್ಲಿಂಗ್ ವೈನಿಗೆ ಅದರದೇ ಕ್ಲಿಪ್ ಮುಚ್ಚಳ ಬೇಕು, ಹಾಗಿದ್ದೂ ಒಂದೆರಡು ದಿನಕ್ಕೆ ಗುಳ್ಳೆ ಇಳಿಯುತ್ತದೆ. ಕೆಂಪು ವೈನ್ ಕುಡಿದ ಲೋಟಗಳನ್ನು ಅಂದೇ ರಾತ್ರಿ ನೀರಿನಲ್ಲಿ ನೆನೆಸಿಡಿ. ಒಣಗಿದ ಕಲೆ ಬೆಳಿಗ್ಗೆ ಸುಲಭಕ್ಕೆ ಬಿಡುವುದಿಲ್ಲ.